ಹೊಸ ಅನ್ನದ ಹಾಡು

ಕೊಳ್ಳೇಗಾಲದ ಕಡೆಯ ರಾಗಿ ಸೀಮೆಯಲ್ಲಿ ಸೂಸೆಪಾಳ್ಯವೆಂಬ ಚಿಕ್ಕ ಕ್ರೈಸ್ತ ಊರು. ಅಲ್ಲಿನ ಗುಡಿಯ ಹಿಂಭಾಗದಲ್ಲಿ, ಉರಿದು ಉಳಿದ ಮೇಣದಬತ್ತಿಯ ತುಂಡುಗಳನ್ನೂ ಮೆರವಣಿಗೆಯ ಬಾವುಟಗಳನ್ನೂ ಇಡುವುದಕ್ಕೆಂದು ಕಟ್ಟಿಸಿದ ಒಂದು ಕೋಣೆಯಿತ್ತು. ಪೂಜ್ಯ ಯಾಗಪ್ಪ ಸ್ವಾಮಿಗಳು ಆ ಊರಿನ ಗುರುಗಳಾಗಿ ಬಂದ ದಿನ, ತಮಗಾಗಿ ಸುಣ್ಣ ಬಳಿದಿಟ್ಟಿದ್ದ ದೊಡ್ಡ ಮನೆಯನ್ನು ಸುತ್ತಿ ನೋಡಿ, "ಇಷ್ಟೊಂದು ಬಾಗಿಲು ನನಗೆ ಯಾಕಪ್ಪಾ, ದಿನಾ ತೆಗೆದು ಹಾಕೋದೇ ಒಂದು ಕೆಲಸ ಆಗುತ್ತೆ" ಎಂದರು. ಮರುವಾರವೇ ಆ ಮನೆಯಲ್ಲಿ ಹೆಣ್ಣುಮಕ್ಕಳ ಹೊಲಿಗೆ ತರಗತಿ ಶುರುವಾಯಿತು. ಸ್ವಾಮಿಗಳು ಬಾವುಟಗಳನ್ನು ಒಂದು ಮೂಲೆಗೆ ಸರಿಸಿ, ಇನ್ನೊಂದು ಮೂಲೆಯಲ್ಲಿ ತಮ್ಮ ಚಾಪೆ ಹಾಸಿಕೊಂಡರು. ಕೋಣೆಯ ಮುಂದೆ ಒಂದಿಷ್ಟು ನೆಲ ಅಗೆದು ಅವರೆ ಹಾಕಿದರು. ಅದಕ್ಕೆ ನೀರು ಹೊಯ್ಯುವುದು, ತಮ್ಮ ಮುದ್ದೆಯನ್ನು ತಾವೇ ತೊಳಸಿಕೊಳ್ಳುವುದು, ಕಾಯಿಲೆ ಬಿದ್ದವರ ಮನೆಗೆ ನಡೆದುಕೊಂಡೇ ಹೋಗುವುದು, ಇವು ಅವರ ದಿನಚರಿ.

ಸ್ವಾಮಿಗಳ ಕಂಠದ ವಿಷಯವನ್ನು ಮುಚ್ಚಿಡುವುದರಲ್ಲಿ ಪ್ರಯೋಜನವಿಲ್ಲ. ದೇವರು ಆ ಪುಣ್ಯಾತ್ಮರಿಗೆ ದಯೆ ಕೊಟ್ಟಿದ್ದ, ರೋಗಿಯ ಹಾಸಿಗೆಯ ಪಕ್ಕದಲ್ಲಿ ಬೇಸರವಿಲ್ಲದೆ ಕೂರುವ ತಾಳ್ಮೆ ಕೊಟ್ಟಿದ್ದ. ಕಂಠವನ್ನು ಮಾತ್ರ ಬೇರೆ ಯಾರಿಗೋ ಕೊಟ್ಟುಬಿಟ್ಟಿದ್ದ. ಗುಡಿಯೊಳಗೆ ಪೂಜೆಯ ಹೊತ್ತಿನಲ್ಲಿ ಅವರು ಅಂಜುತ್ತಂಜುತ್ತ ಹಾಡುತ್ತಿದ್ದರು. ಆದರೆ ಒಬ್ಬರೇ ಇದ್ದಾಗ ಅವರಿಗೆ ಯಾರ ಹಂಗೂ ಇರಲಿಲ್ಲ. ಬೆಳಗಿನ ಜಾವ ಎದ್ದು ಚಾಪೆಯ ಮೇಲೆ ಮೊಣಕಾಲೂರಿದರೆಂದರೆ ಪ್ರಾರ್ಥನೆ ಮೊದಮೊದಲು ಪಿಸುಮಾತಾಗಿ, ಆಮೇಲೆ ಗುನುಗಾಗಿ, ಕೊನೆಗೆ ಚಪ್ಪಾಳೆಯ ಸಮೇತ ಹಾಡಾಗಿ ಹೊರಗೆ ಬರುತ್ತಿತ್ತು. ನೀರಿಗೆ ಹೊರಟ ಹೆಂಗಸರು ಆ ದಾರಿಯಲ್ಲಿ ನಡಿಗೆ ನಿಧಾನ ಮಾಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ನಗುತ್ತಲೇ ಅದೇ ಧಾಟಿಯನ್ನು ಬಾವಿಯವರೆಗೂ ಒಯ್ಯುತ್ತಿದ್ದರು.

ನಗು ಬರದವರು ಊರಲ್ಲಿ ಒಬ್ಬರೇ. ಅವರು ಚೌರಪ್ಪ ಉಪದೇಶಿಗಳು.

ಮಕ್ಕಳಿಗೆ ಜಪತಪ ಕಲಿಸುವುದು, ಗುರುಗಳಿಲ್ಲದ ದಿನ ಪ್ರಾರ್ಥನೆ ನಡೆಸುವುದು, ಹಾಡುಗಾರರನ್ನು ತಯಾರು ಮಾಡುವುದು, ಎಲ್ಲವೂ ಉಪದೇಶಿಗಳ ಹೊಣೆ. ಎಳೆಯ ವಯಸ್ಸಿನಲ್ಲಿ ಅವರು ಪಟ್ಟಣದ ಗುರುಗಳ ಬಳಿ ಇದ್ದು, ಆಗ ಪೂಜೆ ನಡೆಯುತ್ತಿದ್ದ ಲತೀನು ಭಾಷೆಯ ಹಾಡುಗಳನ್ನು ಕಲಿತಿದ್ದರು. ಪೂಜೆ ಕನ್ನಡಕ್ಕೆ ತಿರುಗಿದ ಹೊಸದರಲ್ಲಿ ಸುತ್ತಲಿನ ಎಷ್ಟೋ ಊರುಗಳವರು ಹಾಡು ಕಲಿಯಲು ಇವರ ಹತ್ತಿರ ಬಂದದ್ದುಂಟು. ಊರಿಗೆಲ್ಲ ಇದ್ದ ಒಂದೇ ಹಾರ್ಮೋನಿಯಂ ಅವರದು. ಜನ ಅದನ್ನು ಪೆಟ್ಟಿಗೆ ಎನ್ನುತ್ತಿದ್ದರು. ಉಪದೇಶಿಗಳ ಕಿವಿಯೋ, ಗುಡಿಯ ಕೊನೆಯ ಸಾಲಿನಲ್ಲಿ ಯಾರಾದರೂ ಒಂದು ಅಕ್ಷರ ಎಳೆದರೂ ಅವರ ಬೆರಳು ಪೆಟ್ಟಿಗೆಯ ಮೇಲೆ ನಿಂತುಬಿಡುತ್ತಿತ್ತು. ಆಮೇಲೆ ಆ ಅಕ್ಷರ ಸರಿಯಾಗುವವರೆಗೆ ಪೂಜೆಗೆ ಬಂದವರೆಲ್ಲ ಕಾಯಬೇಕು. ಅವರು ಕೆಟ್ಟವರಲ್ಲ. ದೇವರಿಗೆ ಕೊಡುವುದನ್ನು ಕುಂದಿಲ್ಲದೆ ಕೊಡಬೇಕೆಂಬ ಹಟ, ಅಷ್ಟೆ.

ಆ ಹಟದ ಬೆಲೆ ತೆತ್ತವರು ಅವರ ಹೆಂಡತಿ ಮದಲಮ್ಮನವರು.

ಮದಲಮ್ಮನವರಿಗೆ ಓದು ಬರದು. ದನಿ ಮಾತ್ರ ಏರು ದನಿ. ಮದುವೆಯಾಗಿ ಬಂದ ಹೊಸದರಲ್ಲಿ ರಾಗಿ ಬೀಸುತ್ತ ಹಾಡಿದರೆ ಮೂರು ಮನೆ ಆಚೆಗೆ ಕೇಳಿಸುತ್ತಿತ್ತಂತೆ. ಗರಿಗಳ ಭಾನುವಾರದ ದಿನ, ಕತ್ತೆಯ ಮೇಲೆ ಕುಳಿತು ಜೆರುಸಲೇಮಿಗೆ ಬಂದ ಯೇಸುಸ್ವಾಮಿಯನ್ನು ನೆನೆದು, ಊರಿನವರು ಈಚಲ ಗರಿ ಹಿಡಿದು ಮೆರವಣಿಗೆ ಹೋಗುವುದು ವಾಡಿಕೆ. ಎಲ್ಲರೂ ಕೂಗುವ ಮಾತು ಒಂದೇ: ಹೊಸಾನ್ನ. ಮದಲಮ್ಮನವರ ಕಿವಿಗೆ ಅದು ಎಂದೂ ಹಾಗೆ ಬೀಳಲಿಲ್ಲ. ಅವರು ಕೇಳಿಸಿಕೊಂಡದ್ದು 'ಹೊಸ ಅನ್ನ'. ವರ್ಷವೆಲ್ಲ ಮುದ್ದೆ ಉಂಡು, ಹಬ್ಬಕ್ಕೆ ಮಾತ್ರ ಅಕ್ಕಿಯ ಮುಖ ಕಾಣುವ ಮನೆಯಿಂದ ಬಂದ ಹೆಣ್ಣು. ದೊರೆ ತಮ್ಮ ಊರಿಗೆ ಬಂದಾಗ ಬಡವರು ಇನ್ನೇನೆಂದು ಕೂಗಿಯಾರು? ಹೊಸ ಅಕ್ಕಿಯ ಅನ್ನ ಮಾಡಿದ್ದೇವೆ, ಉಂಡು ಹೋಗು ಎಂದು ಕರೆಯುತ್ತಾರೆ. ಅವರಿಗೆ ಅದರಲ್ಲಿ ಅನುಮಾನ ಪಡುವಂಥದ್ದೇನೂ ಕಾಣಲಿಲ್ಲ.

ಒಂದು ವರ್ಷ ಪಟ್ಟಣದಿಂದ ಅತಿಥಿ ಗುರುಗಳೊಬ್ಬರು ಮೆರವಣಿಗೆಗೆ ಬಂದಿದ್ದರು. ಹಾಡಿನ ನಡುವೆ ಎಲ್ಲರೂ ಉಸಿರು ತೆಗೆದುಕೊಂಡ ಒಂದು ಗಳಿಗೆಯಲ್ಲಿ ಮದಲಮ್ಮನವರ ದನಿಯೊಂದೇ ಗಂಟೆಯ ಹಾಗೆ ಎದ್ದಿತು: "ಹೊಸ ಅನ್ನ!" ಅತಿಥಿಗಳು ನಕ್ಕು, "ಏನು ಉಪದೇಶಿಗಳೇ, ನಿಮ್ಮೂರಲ್ಲಿ ಪೂಜೆ ಮುಗಿಯೋ ಮುಂಚೆನೇ ಊಟಕ್ಕೆ ಕೂಗ್ತಾರಲ್ಲ!" ಎಂದರು. ಊರೆಲ್ಲ ನಕ್ಕಿತು. ಅತಿಥಿಗಳ ಮನಸ್ಸಿನಲ್ಲಿ ವಿಷವಿರಲಿಲ್ಲ. ಆದರೆ ಕತ್ತಿನಲ್ಲಿ ಪೆಟ್ಟಿಗೆ ತೂಗುಹಾಕಿಕೊಂಡು ಮುಂದೆ ನಡೆಯುತ್ತಿದ್ದ ಉಪದೇಶಿಗಳ ಕಿವಿ ಕೆಂಪಗಾಯಿತು.

ಅಂದು ಮಧ್ಯಾಹ್ನ ಅವರು ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು, "ಹೊ, ಸಾ, ನ್ನ. ಸಾ ದೀರ್ಘ. ಹೇಳು" ಎಂದು ಕಲಿಸಿದರು. ಮದಲಮ್ಮನವರು ಹೇಳಿದರು; ಬಾಯಿಂದ ಬಂದದ್ದು ಹೊಸ ಅನ್ನವೇ. ಮತ್ತೆ ಹೇಳಿದರು, ಮತ್ತೂ ಅದೇ. ಉಪದೇಶಿಗಳ ತಾಳ್ಮೆ ಮುಗಿಯಿತು. "ನಿನಗೆ ಬರೋದಿಲ್ಲ ಬಿಡು. ಇನ್ನು ಮೇಲೆ ಹಾಡಬೇಡ. ಸುಮ್ಮನೆ ತುಟಿ ಆಡಿಸು, ಸಾಕು" ಎಂದುಬಿಟ್ಟರು.

ಮದಲಮ್ಮನವರು ತುಟಿ ಆಡಿಸಿದರು. ಗುಡಿಯಲ್ಲಿ ಆಡಿಸಿದರು, ಸಂಜೆ ದೀಪ ಹಚ್ಚಿ ಜಪಸರ ಹೇಳುವಾಗಲೂ ಆಡಿಸಿದರು. ಬೀಸುವ ಕಲ್ಲಿನ ಮುಂದೆ ಕೂತಾಗ ತುಟಿಯನ್ನೂ ಆಡಿಸಲಿಲ್ಲ. ವರ್ಷಗಳು ಕಳೆದವು. ಆ ಮನೆಯಲ್ಲಿ ಪ್ರಾರ್ಥನೆ ಒಂದು ಅಕ್ಷರ ತಪ್ಪದೆ ನಡೆಯಿತು, ಹಾಡು ಮಾತ್ರ ಇರಲಿಲ್ಲ. ಮೊದಮೊದಲು ಉಪದೇಶಿಗಳಿಗೆ ಅದು ಗಮನಕ್ಕೇ ಬರಲಿಲ್ಲ.

ಆಮೇಲೆ ಗಮನಕ್ಕೆ ಬಂದದ್ದು ಬೇರೆ. ತಮಗೆ ಪ್ರಾರ್ಥನೆ ಬರುತ್ತಿಲ್ಲ ಎಂಬುದು ಅವರಿಗೆ ಒಂದು ದಿನ ತಿಳಿಯಿತು. ಮಾತುಗಳೆಲ್ಲ ಬರುತ್ತಿದ್ದವು, ರಾಗವೂ ಬರುತ್ತಿತ್ತು. ಆದರೆ ಹೇಳಿ ಮುಗಿಸಿ ಎದ್ದಾಗ ಖಾಲಿ ಮನೆಯಲ್ಲಿ ಮಾತಾಡಿ ಬಂದಂತಿರುತ್ತಿತ್ತು. ಊರಿನ ಮಕ್ಕಳಿಗೆಲ್ಲ ಪ್ರಾರ್ಥನೆ ಕಲಿಸುವ ಮನುಷ್ಯ ತನಗೇ ಪ್ರಾರ್ಥನೆ ಬರುವುದಿಲ್ಲವೆಂದು ಯಾರ ಮುಂದೆ ಹೇಳಿಕೊಳ್ಳಬೇಕು? ಅವರು ಹೇಳಿಕೊಳ್ಳಲಿಲ್ಲ. ಬದಲಿಗೆ ಇತರರ ತಪ್ಪನ್ನು ಇನ್ನಷ್ಟು ಗಟ್ಟಿಯಾಗಿ ತಿದ್ದತೊಡಗಿದರು.

ಹೀಗಿರುವಾಗ ಯಾಗಪ್ಪ ಸ್ವಾಮಿಗಳು ಬಂದ ಮೊದಲ ವರ್ಷದ ತಪಸ್ಸುಕಾಲ, ಯೇಸುಸ್ವಾಮಿಯ ಪಾಡನ್ನು ನೆನೆಯುವ ನಲವತ್ತು ದಿನದ ಉಪವಾಸ, ಬಂತು. ವಿಭೂತಿ ಬುಧವಾರದಂದು ಎಲ್ಲರ ಹಣೆಗೂ ಬೂದಿ ಹಚ್ಚಿಯಾಯಿತು. ಪೀಠದ ಮೇಲಿನ ಹೂವು ತೆಗೆದರು, ಪೆಟ್ಟಿಗೆಗೆ ಬಟ್ಟೆ ಹೊದಿಸಿದರು. ಊರಿನ ಮಾತಿನಲ್ಲೇ ಒಂದು ಬಗೆಯ ತಗ್ಗು ಬಂದುಬಿಟ್ಟಿತು.

ಒಂದು ಬೆಳಿಗ್ಗೆ ಗುಡಿಯ ಗಂಟೆ ಬಾರಿಸಲು ಬಂದ ಉಪದೇಶಿಗಳಿಗೆ ಹಿಂದಿನ ಕೋಣೆಯಿಂದ ಚಪ್ಪಾಳೆಯ ಸದ್ದು ಕೇಳಿಸಿತು. ಅದರ ಹಿಂದೆಯೇ ಸ್ವಾಮಿಗಳ ಒಡಕು ದನಿ, ಸುಗ್ಗಿಯ ಕಣದಲ್ಲಿ ಹಾಡುವ ಪದದ ಧಾಟಿ. ಅಷ್ಟೇ ಆಗಿದ್ದರೆ ಅವರು ತಲೆ ಚಚ್ಚಿಕೊಂಡು ಗಂಟೆ ಬಾರಿಸಿಬಿಡುತ್ತಿದ್ದರು. ಆದರೆ ಹಾಡಿನ ಮಾತು ಕಿವಿಗೆ ಬಿತ್ತು.

ಹೊಸ ಅನ್ನ ಹೊಸ ಅನ್ನ ಇಕ್ಕೀನಿ ಬಾರಯ್ಯ
ಕತ್ತೆ ಏರಿ ಬಂದ ನನ ದೊರೆಯೆ
ಕೇರಿ ದಾಟಿ ಮುಂದಕ್ ಹೋಗ್ಬ್ಯಾಡ

ಉಪದೇಶಿಗಳು ಹಗ್ಗ ಬಿಟ್ಟು, ಗುಡಿಯನ್ನು ಬಳಸಿ ಹಿಂದಕ್ಕೆ ನಡೆದರು. ಬಾಗಿಲು ತೆರೆದೇ ಇತ್ತು. ಸ್ವಾಮಿಗಳು ಚಾಪೆಯ ಮೇಲೆ ಮೊಣಕಾಲೂರಿ, ಗೋಡೆಯ ಮೇಲಿನ ಶಿಲುಬೆಯ ಕಡೆ ಮುಖ ಮಾಡಿ, ಮನೆಗೆ ನೆಂಟರು ಬಂದಾಗ ಮಕ್ಕಳು ಹಿಗ್ಗುವಂತೆ ಹಿಗ್ಗಿ ಹಾಡುತ್ತಿದ್ದರು.

"ಸ್ತೋತ್ರ ಸ್ವಾಮಿ" ಎಂದರು ಉಪದೇಶಿಗಳು. ದನಿ ಬಿಗಿದಿತ್ತು.

ಸ್ವಾಮಿಗಳು ತಿರುಗಿದರು. "ಆಶೀರ್ವಾದ, ಉಪದೇಶಿಗಳೇ. ಬನ್ನಿ, ಕೂತ್ಕೊಳ್ಳಿ. ನನ್ನ ಕೂಗು ಬೀದಿವರೆಗೂ ಕೇಳಿಸ್ತೋ ಏನೋ."

"ಕೇಳಿಸಿತು ಸ್ವಾಮಿ. ಅದಕ್ಕೇ ಬಂದೆ." ಉಪದೇಶಿಗಳು ಕೂರಲಿಲ್ಲ. "ಚಿಕ್ಕವನು ದೊಡ್ಡವರಿಗೆ ಹೇಳಬಾರದು. ಆದರೂ ಇದು ತಪಸ್ಸುಕಾಲ. ಜನ ಉಪವಾಸ ಇದ್ದಾರೆ, ಪೆಟ್ಟಿಗೆ ಮುಚ್ಚಿದ್ದೇವೆ. ಗುರುಗಳೇ ಚಪ್ಪಾಳೆ ತಟ್ಟಿಕೊಂಡು ಹಾಡಿದರೆ ನೋಡಿದವರು ಏನು ತಿಳಿಕೊಂಡಾರು?"

"ನಿಜ, ನಿಜ. ಗುಡಿಯೊಳಗೆ ಹಾಡಲ್ಲಪ್ಪ. ಇಲ್ಲಿ ಒಬ್ಬನೇ ಇದ್ದೆ, ಹಾಡು ಬಂದುಬಿಡ್ತು. ಸಂತೋಷಕ್ಕೆ ಕಾಲ ಗೊತ್ತಾಗಲ್ಲ ನೋಡಿ."

"ಮತ್ತೆ ಆ ಪದ, ಸ್ವಾಮಿ. ಅದು 'ಹೊಸ ಅನ್ನ' ಅಲ್ಲ. ಹೊಸಾನ್ನ. ಸಾ ದೀರ್ಘ."

ಗುರುಗಳಿಗೇ ಅಕ್ಷರ ತಿದ್ದಿದ ಉಪದೇಶಿ ಆ ಸೀಮೆಯಲ್ಲಿ ಹಿಂದೆಯೂ ಇರಲಿಲ್ಲ, ಮುಂದೆಯೂ ಬರಲಿಲ್ಲ. ಸ್ವಾಮಿಗಳು ಬೇಸರಿಸಿಕೊಳ್ಳದೆ, ಮಗ್ಗಿ ಒಪ್ಪಿಸುವ ಮಗುವಿನಂತೆ "ಹೊಸಾನ್ನ" ಎಂದು ಹೇಳಿ ಒಪ್ಪಿಸಿದರು. ಆಮೇಲೆ, "ಅದರ ಅರ್ಥ ಏನು ಉಪದೇಶಿಗಳೇ?" ಎಂದು ಕೇಳಿದರು.

"ಜಯವಾಗಲಿ ಅಂತ, ಸ್ವಾಮಿ."

"ಈಗ ಹಾಗಾಗಿದೆ. ಮೊದಲು ಹಿಬ್ರಿಯರ ಬಾಯಲ್ಲಿ ಅದು ಮೊರೆ. ಕಾಪಾಡಪ್ಪ, ತಡ ಮಾಡಬೇಡ ಅಂತ. ಅಳೋರ ಮಾತು ಅದು. ಕಾಪಾಡೋನು ತಮ್ಮೂರಿಗೇ ಬಂದ ಅಂತ ಕಂಡಾಗ, ಅದೇ ಮಾತನ್ನ ಕುಣಿದಾಡಿಕೊಂಡು ಕೂಗಿದರು." ಸ್ವಾಮಿಗಳು ಚಾಪೆಯ ಅಂಚನ್ನು ತಟ್ಟಿ ತೋರಿಸಿದರು. ಉಪದೇಶಿಗಳು ಅರೆಮನಸ್ಸಿನಿಂದ ಕುಳಿತರು. "ಈ ಹಾಡು ನನ್ನದಲ್ಲ. ಮೊನ್ನೆ ಆಚೆ ಹಳ್ಳಿಯ ರೋಗಿಯೊಬ್ಬರನ್ನ ನೋಡ್ಕೊಂಡು ಕೆರೆ ಏರಿ ಮೇಲೆ ಬರ್ತಾ ಇದ್ದೆ. ಮನಸ್ಸು ಭಾರ ಇತ್ತು, ಆ ಮನುಷ್ಯ ಉಳಿಯೋ ಹಾಗಿರಲಿಲ್ಲ. ಹೊಂಗೆ ಮರದ ಕೆಳಗೆ ಕೂತೆ. ಏರಿ ಹಿಂದಿನ ಗದ್ದೆಯಲ್ಲಿ ಒಬ್ಬ ತಾಯಿ ಕಳೆ ಕೀಳ್ತಾ ಹಾಡ್ತಾ ಇದ್ದರು. ಯಾರೂ ಕೇಳ್ತಿಲ್ಲ ಅಂದ್ಕೊಂಡಿದ್ದರು. ಅದು ಹಾಡೋ, ಪ್ರಾರ್ಥನೆಯೋ, ಊಟಕ್ಕೆ ಕರೆಯೋದೋ, ಒಂದೂ ಬಿಡಿಸಿ ಹೇಳೋಕಾಗಲ್ಲ. ಯೇಸುಸ್ವಾಮಿ ಬದುವಿನ ಮೇಲೆ ನಿಂತಿರೋ ಹಂಗೆ ಕರೀತಾ ಇದ್ದರು. ನಾನು ತಿರುಗಿ ನೋಡಿಬಿಟ್ಟೆ, ಎಲ್ಲಿ ನಿಂತಿದ್ದಾನೋ ಅಂತ."

ಸ್ವಾಮಿಗಳು ನಕ್ಕರು. ಆಮೇಲೆ ಉಪದೇಶಿಗಳ ಮುಖವನ್ನು ನೋಡಿ ಕೇಳಿದರು: "ನೀವು ಹಾಡಿದಾಗ ಯಾರು ಬರ್ತಾರೆ, ಉಪದೇಶಿಗಳೇ?"

ಅದು ಚುಚ್ಚಿ ಕೇಳಿದ ಪ್ರಶ್ನೆಯಲ್ಲ. ನಿಜಕ್ಕೂ ತಿಳಿದುಕೊಳ್ಳುವ ಆಸೆಯಿಂದ ಕೇಳಿದ್ದರು. ಅದಕ್ಕೇ ಉಪದೇಶಿಗಳಿಗೆ ಸುಳ್ಳು ಹೇಳಲಾಗಲಿಲ್ಲ. ಅವರು ಬಾಗಿಲಾಚೆಯ ಅವರೆಗಿಡಗಳ ಕಡೆ ಮುಖ ತಿರುಗಿಸಿದರು.

"ಯಾರೂ ಬರೋದಿಲ್ಲ ಸ್ವಾಮಿ" ಎಂದರು. "ಬಹಳ ಕಾಲ ಆಯ್ತು, ಯಾರೂ ಬಂದಿಲ್ಲ. ಎಲ್ಲ ಸರಿಯಾಗೇ ಹೇಳ್ತೀನಿ. ಆದರೂ ಯಾರೂ ಬರೋದಿಲ್ಲ." ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದ ಮಾತು ಹೊರಬಿತ್ತು.

ಸ್ವಾಮಿಗಳು ಅವರ ಕೈಯನ್ನು ತಮ್ಮ ಕೈಗೆ ತೆಗೆದುಕೊಂಡರು. "ಹಾಗನ್ನಬೇಡಿ. ನಿಮ್ಮ ಪರವಾಗಿ ಕರೆಯೋರು ಇದ್ದಾರೆ. ಆ ತಾಯಿ ಹಾಡಲ್ಲಿ ಇನ್ನೊಂದು ಪದ ಇದೆ, ಕೇಳಿ." ಎಂದು ಈ ಸಲ ಚಪ್ಪಾಳೆಯಿಲ್ಲದೆ, ಮೆಲುದನಿಯಲ್ಲಿ ಹಾಡಿದರು.

ಪೆಟ್ಟಿಗೆ ನುಡಿಸೋರು ನಮ್ಮನೆ ಯಜಮಾನ್ರು
ಅವರ ಮಗ್ಗುಲಲ್ಲಿ ಎಲೆ ಹಾಕ್ತೀನಿ
ಒಬ್ಬರೇ ಉಣ್ತಾರೆ, ಜೊತೆಗೆ ಬಾರಯ್ಯ

ಊರಿನಲ್ಲಿ ಪೆಟ್ಟಿಗೆ ಒಂದೇ ಇತ್ತು. ಕೆರೆ ಏರಿಯ ಹಿಂದಿನ ಆ ಬೇಸಿಗೆ ಗದ್ದೆಯೂ ತಮ್ಮದೇ. ಉಪದೇಶಿಗಳಿಗೆ ಇನ್ನೇನೂ ಕೇಳಬೇಕಾಗಿರಲಿಲ್ಲ. ತಾವು ಬಾಯಿ ಮುಚ್ಚಿಸಿದ ಹೆಣ್ಣು ಊರಾಚೆಗೆ ಹೋಗಿ, ಕೆಸರಿನಲ್ಲಿ ಬಗ್ಗಿ ನಿಂತು, ತನಗಾಗಿ ಏನನ್ನೂ ಕೇಳದೆ, ತಮ್ಮ ಪಕ್ಕದಲ್ಲಿ ದೇವರಿಗೊಂದು ಎಲೆ ಹಾಕುತ್ತಿದ್ದಳು. ಅವರು ಎದ್ದು ನಿಂತರು. ಗಂಟೆ ಬಾರಿಸುವುದನ್ನೂ ಮರೆತು ನಡೆದೇಬಿಟ್ಟರು. ಆ ದಿನ ಸೂಸೆಪಾಳ್ಯದ ಗಂಟೆಯನ್ನು ಸ್ವಾಮಿಗಳೇ ಬಾರಿಸಿದರು.

ಮದಲಮ್ಮನವರು ಆಗತಾನೆ ಗದ್ದೆಗೆ ಇಳಿದಿದ್ದರು. ಏರಿಯ ಮೇಲೆ ಗಂಡ ಧಾವಿಸಿ ಬರುವುದನ್ನು ಕಂಡು ಗಾಬರಿಯಾಗಿ ಸೆರಗು ಸರಿಮಾಡಿಕೊಂಡರು. "ಯಾಕ್ ಬಂದ್ರಿ? ಹಸುಗೇನಾರ ಆಯ್ತಾ?"

"ಹಸು ಚೆನ್ನಾಗಿದೆ." ಉಪದೇಶಿಗಳು ಬದುವಿನ ಮೇಲೆ ನಿಂತು, "ಹಾಡು" ಎಂದರು.

"ಏನಂದ್ರಿ?"

"ಹಾಡು ಅಂದೆ. ನೀನು ಹಾಡ್ತೀಯಂತೆ ಇಲ್ಲಿ. ಸ್ವಾಮಿಗಳು ಕೇಳಿಸ್ಕೊಂಡಿದ್ದಾರೆ."

ಮದಲಮ್ಮನವರು ಕೈಯಲ್ಲಿದ್ದ ಕಳೆಯನ್ನು ಕೆಳಗೆ ಹಾಕಿ, "ಗುಡಿಯಲ್ಲಿ ಹಾಡಿಲ್ಲ ನಾನು. ಮನೆಯಾಗೂ ಹಾಡಿಲ್ಲ. ಇಲ್ಲಿ ಯಾರೂ ಇರಕ್ಕಿಲ್ಲ ಅಂತ..." ಎಂದು ಹೇಳುತ್ತ ಹೇಳುತ್ತ ಅಳುವಂತಾದರು. ತಾವು ಏನನ್ನೋ ಕದ್ದು ಸಿಕ್ಕಿಬಿದ್ದವರಂತೆ ಅವರು ನಿಂತರು.

"ತಪ್ಪಾಯ್ತು ಕಣೇ. ನನ್ನಿಂದ ತಪ್ಪಾಯ್ತು. ಹಾಡು ನೀನು, ನಾನು ಏನೂ ಅನ್ನೋದಿಲ್ಲ."

ಮದಲಮ್ಮನವರು ಬಾಯಿ ತೆರೆದರು. ದನಿ ಬರಲಿಲ್ಲ. ಇನ್ನೊಮ್ಮೆ ತೆರೆದರು. ಕೊನೆಗೆ ತಲೆ ತಗ್ಗಿಸಿ, "ನೀವಿದ್ರೆ ಬರಕ್ಕಿಲ್ಲ" ಎಂದು, ಮತ್ತೆ ಕಳೆ ಕೀಳಲು ಬಗ್ಗಿದರು.

ಸಂಜೆ ಉಪದೇಶಿಗಳು ಸ್ವಾಮಿಗಳ ಬಳಿ ಹೋದಾಗ ಅವರು ಅವರೆಗೆ ನೀರು ಹೊಯ್ಯುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿ, "ಹಾಡು ಅಂದರೂ ಹಾಡ್ತಾ ಇಲ್ಲ ಸ್ವಾಮಿ" ಎಂದರು.

"ಅಯ್ಯೋ ಉಪದೇಶಿಗಳೇ, ಹಾಡಬೇಡ ಅಂತ ಹೇಳಿದ ಬಾಯಲ್ಲೇ ಹಾಡು ಅಂತ ಹೇಳಿದರೆ ಅದೂ ಒಂದು ಅಪ್ಪಣೆ ತಾನೆ?" ಸ್ವಾಮಿಗಳು ಬಿಂದಿಗೆ ಕೆಳಗಿಟ್ಟರು. "ಈ ತಪಸ್ಸುಕಾಲಕ್ಕೆ ನೀವು ಏನು ಬಿಟ್ಟಿದ್ದೀರಿ?"

"ಮಾಂಸ ಬಿಟ್ಟಿದ್ದೀನಿ ಸ್ವಾಮಿ. ಕಾಫಿ ಬಿಟ್ಟಿದ್ದೀನಿ."

"ಕಾಫಿ ಕುಡೀರಿ. ತಿದ್ದೋದನ್ನ ಬಿಡಿ."

ಅಷ್ಟೇ ಅವರು ಹೇಳಿದ್ದು. ಹೇಳಿ ಮತ್ತೆ ಬಿಂದಿಗೆ ಎತ್ತಿಕೊಂಡರು.

ಕೇಳುವುದಕ್ಕೆ ಎಷ್ಟು ಸಣ್ಣ ಮಾತು! ಪಾಲಿಸಲು ಹೊರಟಾಗ ಉಪದೇಶಿಗಳಿಗೆ ಅದರ ಭಾರ ತಿಳಿಯಿತು. ಶುಕ್ರವಾರದ ಶಿಲುಬೆಹಾದಿಯ ಪ್ರಾರ್ಥನೆಯಲ್ಲಿ ಹೆಂಗಸರು ಒಂದು ಹಾಡನ್ನು ಎಮ್ಮೆಯನ್ನು ಕೆರೆಯಿಂದ ಮೇಲಕ್ಕೆಳೆದಂತೆ ಎಳೆದರು. ಉಪದೇಶಿಗಳು ತೊಡೆ ಚಿವುಟಿಕೊಂಡು ಸುಮ್ಮನಿದ್ದರು. ಜಪದ ತರಗತಿಯಲ್ಲಿ ಮಕ್ಕಳು ಪವಿತ್ರಾತ್ಮರ ಹೆಸರನ್ನೇ ನುಂಗಿಬಿಟ್ಟಾಗ ನಾಲಿಗೆಯ ತುದಿಯವರೆಗೆ ಬಂದ ಮಾತನ್ನು ಅವರೂ ನುಂಗಿದರು. ಪೂಜೆ ಎಲ್ಲಿಯೂ ನಿಲ್ಲದೆ ಮುಗಿಯುವುದನ್ನು ಕಂಡು ಜನಕ್ಕೆ ಗಾಬರಿಯಾಯಿತು. ಉಪದೇಶಿಗಳಿಗೆ ಮೈಯಲ್ಲಿ ಹುಷಾರಿಲ್ಲವೆಂದು ಸುದ್ದಿ ಹಬ್ಬಿ, ನೆರೆಮನೆಯವರು ಅಮೃತಬಳ್ಳಿಯ ಕಷಾಯ ತಂದುಕೊಟ್ಟರು. ಅವರು ಅದನ್ನೂ ಮಾತಿಲ್ಲದೆ ಕುಡಿದರು.

ಆದರೆ ತಪ್ಪು ಹುಡುಕುವ ಕೆಲಸ ನಿಂತ ಮೇಲೆ ಅವರ ಕಿವಿಗೆ ಬೇರೆ ಏನೇನೋ ಕೇಳಿಸತೊಡಗಿತು. ಹಿಂದಿನ ಸಾಲಿನಲ್ಲಿ ರಾಗ ಎಳೆಯುತ್ತಿದ್ದ ಮುದುಕಿ ಕ್ಲಾರಮ್ಮ, ಮಗನನ್ನು ಕಳೆದುಕೊಂಡ ಮಾತೆಯ ಸಾಲು ಬಂದಾಗಲೆಲ್ಲ ಎಳೆಯುತ್ತಿದ್ದಳು; ಅವಳ ಮಗ ತೀರಿಕೊಂಡು ವರ್ಷ ತುಂಬಿರಲಿಲ್ಲ. ಇಷ್ಟು ದಿನ ಆ ಎಳೆತವನ್ನು ತಾವು ಎಲ್ಲರೆದುರು ತಿದ್ದುತ್ತ ಬಂದಿದ್ದೆವಲ್ಲ ಎಂದು ಉಪದೇಶಿಗಳಿಗೆ ನಾಚಿಕೆಯಾಯಿತು. ಅಂದು ಪೂಜೆ ಮುಗಿದ ಮೇಲೆ ಅವರು ಕ್ಲಾರಮ್ಮನ ಪಕ್ಕದಲ್ಲಿ ಹೋಗಿ ಕುಳಿತರು.

ಮನೆಯಲ್ಲೂ ಒಂದು ಬದಲಾವಣೆ ಶುರುವಾಯಿತು. ಸಂಜೆಯ ಜಪಸರದಲ್ಲಿ ಮದಲಮ್ಮನವರ ತುಟಿಯಿಂದ ಒಂದು ದಿನ ಸಣ್ಣ ದನಿ ಬಂತು. ಹೇಳಿದವರು ಅರ್ಧಕ್ಕೇ ನಿಲ್ಲಿಸಿ ಗಂಡನ ಕಡೆ ನೋಡಿದರು. ಗಂಡ ಕಣ್ಣು ಮುಚ್ಚಿಕೊಂಡೇ ಇದ್ದರು. ಮರುದಿನ ಆ ದನಿ ಇನ್ನಷ್ಟು ಮುಂದೆ ಹೋಯಿತು. ಜಪದ ಒಂದು ಮಾತನ್ನು ಮದಲಮ್ಮನವರು ತಮ್ಮದೇ ರೀತಿಯಲ್ಲಿ ತಿರುಚಿ ಹೇಳಿದರು. ಉಪದೇಶಿಗಳ ಹುಬ್ಬು ತಾನಾಗಿ ಮೇಲೇರಿತು, ಅದನ್ನು ಅವರು ಕಷ್ಟಪಟ್ಟು ಕೆಳಗಿಳಿಸಿದರು. ಮದಲಮ್ಮನವರು ಅದನ್ನು ಕಂಡರೆಂದೇ ಕಾಣುತ್ತದೆ. ಆ ಸಂಜೆ ಮುದ್ದೆ ಇಕ್ಕುವಾಗ ಅವರ ಮುಖದಲ್ಲಿ ತಡೆದ ನಗುವೊಂದಿತ್ತು.

ಗರಿಗಳ ಭಾನುವಾರದ ಹಿಂದಿನ ಸಂಜೆ. ಇನ್ನೂ ಬೆಳಕಿತ್ತು. ಮದಲಮ್ಮನವರು ಪಡಸಾಲೆಯಲ್ಲಿ ಕುಳಿತು, ಮರುದಿನ ಹಂಚುವುದಕ್ಕೆ ಈಚಲ ಗರಿಯನ್ನು ಸೀಳಿ ಪುಟ್ಟ ಶಿಲುಬೆಗಳನ್ನು ಮಡಿಸುತ್ತಿದ್ದರು. ಉಪದೇಶಿಗಳು ಪಕ್ಕದ ಕೊಟ್ಟಿಗೆಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದರು. ಅಡ್ಡಗೋಡೆಯ ಆಚೆಯಿಂದ ಮೊದಲು ಬರಿಯ ಗುನುಗು ಬಂತು. ಉಪದೇಶಿಗಳು ಹುಲ್ಲಿನ ಕಂತೆಯನ್ನು ಹಿಡಿದುಕೊಂಡು ಹಾಗೆಯೇ ನಿಂತರು. ಗುನುಗಿಗೆ ಮಾತು ಸೇರಿತು, ಮಾತಿಗೆ ದನಿ ಸೇರಿತು.

ವಯಸ್ಸಾದ ದನಿ ಅದು. ಅಂದಿನ ಏರು ಈಗ ಇರಲಿಲ್ಲ, ನಡುನಡುವೆ ಒಡೆಯುತ್ತಿತ್ತು. ಆದರೂ ಅದರಲ್ಲಿದ್ದ ಸಂತೋಷಕ್ಕೆ ಎಣೆಯಿರಲಿಲ್ಲ. ಅನ್ನ ಬೆಂದಿದೆ ಎಂದು ಕರೆಯಿತು, ಎಲೆ ತೊಳೆದಿಟ್ಟಿದ್ದೇನೆ ಎಂದಿತು, ಕತ್ತೆಯನ್ನು ನಮ್ಮ ಕೊಟ್ಟಿಗೆಯಲ್ಲೇ ಕಟ್ಟು, ಹುಲ್ಲಿದೆ ಎಂದಿತು. ದೇವರ ಮುಂದೆ ಇಷ್ಟು ಸಲಿಗೆಯೇ, ಇಷ್ಟು ಹಿಗ್ಗೇ ಎಂದು ಉಪದೇಶಿಗಳು ಬೆರಗಾದರು. ಕಾಲ ಬುಡದಲ್ಲಿ ಸೊಳ್ಳೆಗಳು ಗುಂಯ್‌ಗುಡುತ್ತಿದ್ದವು. ಹಸು ಅವರ ಕೈಯಿಂದಲೇ ಹುಲ್ಲನ್ನು ಎಳೆದೆಳೆದು ತಿನ್ನುತ್ತಿತ್ತು. ಅಲುಗಿದರೆ ಹಾಡು ನಿಂತೀತೆಂಬ ಭಯಕ್ಕೆ ಅವರು ಸೊಳ್ಳೆಯನ್ನೂ ಓಡಿಸಲಿಲ್ಲ.

ಹಾಡು ಒಂದು ಪದ ಮುಗಿಸಿ ನಿಂತಿತು. "ಒಳಕ್ ಬನ್ನಿ" ಎಂದರು ಮದಲಮ್ಮನವರು ಗೋಡೆಯ ಆಚೆಯಿಂದ. "ಸೊಳ್ಳೆ ಕೈಲಿ ಕಚ್ಚಿಸ್ಕಂಡು ಅದೆಷ್ಟೊತ್ತು ನಿಂತಿರ್ತೀರಿ?"

ಉಪದೇಶಿಗಳು ಒಳಗೆ ಬಂದು ಕಂಬಕ್ಕೊರಗಿ ಕುಳಿತರು. ಹೆಂಡತಿಯ ಮುಖ ನೋಡುವ ಧೈರ್ಯವಾಗದೆ ನೆಲದ ಮೇಲಿನ ಗರಿಗಳನ್ನು ನೋಡಿದರು. ಮದಲಮ್ಮನವರು ಇನ್ನೊಂದು ಗರಿಯನ್ನು ಕೈಗೆತ್ತಿಕೊಂಡು, ಒಂದು ಕ್ಷಣ ತಡೆದು, ಮತ್ತೆ ಹಾಡತೊಡಗಿದರು. ಈ ಸಲ ಗಂಡನ ಎದುರಿಗೇ ಹಾಡಿದರು. ಉಪದೇಶಿಗಳ ಎದೆಯಲ್ಲಿ ಎಷ್ಟೋ ವರ್ಷದಿಂದ ಬತ್ತಿಹೋಗಿದ್ದದ್ದು ಉಕ್ಕಿ ಬಂತು. ಅದಕ್ಕೆ ಲತೀನಾಗಲಿ ಕನ್ನಡವಾಗಲಿ ಇರಲಿಲ್ಲ, ಆದರೆ ಅದು ಪ್ರಾರ್ಥನೆಯೆಂದು ಅವರಿಗೆ ಗೊತ್ತಾಯಿತು. ಕೇಳುವವನು ಇಲ್ಲೇ, ಈ ಪಡಸಾಲೆಯಲ್ಲೇ ಇದ್ದಾನೆಂದೂ ಗೊತ್ತಾಯಿತು. ಅವರು ಮುಖವನ್ನು ಟವೆಲಿನಲ್ಲಿ ಮುಚ್ಚಿಕೊಂಡು, ಮಕ್ಕಳು ಅಳುವಂತೆ ಅತ್ತರು.

ಮದಲಮ್ಮನವರು ಹಾಡು ನಿಲ್ಲಿಸಿ, ಕೈಯಲ್ಲಿದ್ದ ಗರಿಯನ್ನು ಕೆಳಗಿಟ್ಟರು.

"ನೀವು ಹಿಂಗ್ ಅಳ್ತಾ ಕುಂತ್ರೆ ನಾನೆಂಗ್ ಹಾಡ್ಲಿ? ತಾಳ ಹಾಕಿ."

ಉಪದೇಶಿಗಳು ಕಣ್ಣೊರೆಸಿಕೊಂಡು ತೊಡೆಯ ಮೇಲೆ ತಾಳ ಹಾಕತೊಡಗಿದರು.